ಒಂಬತ್ತರ ಕ್ಲಾಸಿಗೆ ಐದೂವರೆಯ ಅಲಾರಂ

ರ‍್ಯಾಂಪ್ ಕಟ್ಟಿದೆವು, ಸೀಟು ಮೀಸಲಿಟ್ಟೆವು, ಪರೀಕ್ಷೆಗೆ ಬರೆದುಕೊಡುವವರನ್ನೂ ಒದಗಿಸಿದೆವು. ಆದರೆ ಅಂಗವೈಕಲ್ಯವಿರುವ ವಿದ್ಯಾರ್ಥಿ ಬೆಳಿಗ್ಗೆ ಎದ್ದು, ಸ್ನಾನ ಮುಗಿಸಿ, ಬಟ್ಟೆ ತೊಟ್ಟು, ತಿಂಡಿ ತಿಂದು ತರಗತಿ ಮುಟ್ಟುವುದು ಹೇಗೆಂದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕೇಳುವವರು ಯಾರು? ಆ ಪ್ರಶ್ನೆ ಕೇಳುವುದೇ ಕೆಲಸವಾಗಿರುವ ವೃತ್ತಿಯೊಂದಿದೆ. ಅದಕ್ಕೆ ಕ್ಯಾಂಪಸ್ಸಿನಲ್ಲಿ ಕುರ್ಚಿಯೇ ಇಲ್ಲ.

ಬೆಳಗಿನ ಐದೂವರೆ. ವಿಶ್ವವಿದ್ಯಾಲಯದ ಹುಡುಗಿಯರ ಹಾಸ್ಟೆಲ್ ಇನ್ನೂ ನಿದ್ದೆಯಲ್ಲಿದೆ. ಕಾರಿಡಾರಿನ ಕೊನೆಯ ಕೋಣೆಯಲ್ಲಿ ಮಾತ್ರ ದೀಪ ಹೊತ್ತಿದೆ. ಒಳಗಿರುವ ಹುಡುಗಿಗೆ ಒಂಬತ್ತಕ್ಕೆ ಕ್ಲಾಸು. ತರಗತಿಯೇನೂ ದೂರವಿಲ್ಲ. ಆದರೂ ಅವಳು ಈಗಲೇ ಏಳಬೇಕು.

ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ. ಬಲಗೈ, ಬಲಗಾಲು ಬಿಗಿ. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿಯಿಲ್ಲ. ಉಳಿದವರು ಬಂದು ನೆಲ ಒದ್ದೆಯಾಗುವ ಮೊದಲೇ ಸ್ನಾನ ಮುಗಿಸಿದರೆ ಜಾರಿ ಬೀಳುವ ಭಯ ಕಡಿಮೆ. ತುಂಬಿದ ಬಕೆಟ್ ಎತ್ತಲಾರಳು, ಅರ್ಧ ತುಂಬಿಸಿ ಎರಡು ಸಲ ಎಳೆಯುತ್ತಾಳೆ. ಚೂಡಿದಾರದ ಲಾಡಿಗೆ ಒಂದೇ ಕೈಯಲ್ಲಿ ಗಂಟು ಬೀಳುವಷ್ಟರಲ್ಲಿ ಕಿಟಕಿಯಾಚೆ ಬೆಳಕಾಗಿರುತ್ತದೆ. ಉದ್ದ ಜಡೆಯೆಂದರೆ ಅವಳಿಗೆ ಇಷ್ಟ. ಒಂಟಿ ಕೈಯಲ್ಲಿ ಹೆಣೆಯಲಾಗದೆ ಹಾಸ್ಟೆಲ್‌ಗೆ ಬಂದ ವರ್ಷವೇ ಕೂದಲು ಕತ್ತರಿಸಿಕೊಂಡಳು.

ಮುಂದೆ ಮೆಸ್ಸು. ಎಡಗೈಯಲ್ಲಿ ಊರುಗೋಲು, ಬಲಗೈ ಬಿಗಿ. ಬಿಸಿ ಸಾಂಬಾರಿನ ತಟ್ಟೆ ಹಿಡಿಯುವುದು ಯಾವ ಕೈಯಲ್ಲಿ? ಗೆಳತಿ ಜೊತೆಗಿಲ್ಲದ ದಿನ ತಿಂಡಿಯೂ ಇಲ್ಲ.

ಒಂಬತ್ತಕ್ಕೆ ಅವಳು ಬೆಂಚಿನಲ್ಲಿ ಕೂರುವ ಹೊತ್ತಿಗೆ ಉಳಿದವರ ದಿನ ಆಗಷ್ಟೇ ಶುರುವಾಗಿರುತ್ತದೆ. ಅವಳ ಕಸುವು ಅರ್ಧ ಕರಗಿರುತ್ತದೆ. ಮಧ್ಯಾಹ್ನದ ಪ್ರಾಕ್ಟಿಕಲ್‌ಗೆ ಕೈ ನಡುಗುತ್ತದೆ, ನೋಟ್ಸ್ ಅರ್ಧಕ್ಕೆ ನಿಲ್ಲುತ್ತದೆ. ವಾರಕ್ಕೊಮ್ಮೆ ಏಳಲೂ ಆಗದೆ ಕ್ಲಾಸು ತಪ್ಪುತ್ತದೆ. ಕಾಲೇಜಿನ ದಾಖಲೆಯಲ್ಲಿ ಇದಿಷ್ಟೂ ಎರಡೇ ಸಾಲಿನಲ್ಲಿ ಮುಗಿಯುತ್ತದೆ: ಹಾಜರಾತಿ ಕಡಿಮೆ, ಬರವಣಿಗೆ ನಿಧಾನ.

ಈ ಹುಡುಗಿಗೆ ಇಲ್ಲಿ ಹೆಸರಿಟ್ಟಿಲ್ಲ. ಒಬ್ಬಳ ಬೆಳಗಾಗಿ ಬರೆದ ಹಲವರ ಬೆಳಗು ಇದು.

ಡಿಸೆಂಬರ್ 3 ವಿಶ್ವ ಅಂಗವಿಕಲರ ದಿನ. ವಿಶ್ವಸಂಸ್ಥೆ 1992ರಲ್ಲಿ ಗೊತ್ತುಮಾಡಿದ ಈ ದಿನ ನಮ್ಮ ಕಾಲೇಜುಗಳಲ್ಲಿ ಸೆಮಿಸ್ಟರ್ ಪರೀಕ್ಷೆಯ ಆಸುಪಾಸಿನಲ್ಲೇ ಬರುತ್ತದೆ. ಸಭಾಂಗಣದಲ್ಲಿ ದೀಪ ಬೆಳಗುತ್ತದೆ, ಸಾಧಕರಿಗೆ ಶಾಲು ಹೊದಿಸುತ್ತಾರೆ. ಅದೇ ಹೊತ್ತಿಗೆ ಪರೀಕ್ಷಾ ವಿಭಾಗದ ಕಿಟಕಿಯ ಮುಂದೆ ಹೆಚ್ಚುವರಿ ಸಮಯದ ಅರ್ಜಿ ಹಿಡಿದು ನಿಂತವರೂ ಇರುತ್ತಾರೆ. ಅರ್ಜಿ ಮಂಜೂರಾದರೂ ಐದೂವರೆಯ ಅಲಾರಂ ಬದಲಾಗುವುದಿಲ್ಲ.

ಕೈ ಏನು ಮಾಡಬೇಕಿದೆ?

ಬಿಗಿದ ಮೊಣಕೈ ಸಡಿಲಿಸುವುದು, ನಡಿಗೆ ತಿದ್ದುವುದು, ಸ್ನಾಯುವಿಗೆ ಬಲ ತುಂಬುವುದು ಫಿಸಿಯೋಥೆರಪಿಸ್ಟ್ ಕೆಲಸ. ಇದನ್ನು ಬಹುತೇಕ ಎಲ್ಲರೂ ಬಲ್ಲರು. ಆಕ್ಯುಪೇಶನಲ್ ಥೆರಪಿಸ್ಟ್ ಬಂದು ಕೇಳುವುದು ಬೇರೊಂದು ಪ್ರಶ್ನೆ: ಈ ಕೈಯಿಂದ ಇವತ್ತು ನೀನು ಏನೇನು ಮಾಡಬೇಕಾಗಿದೆ?

ಉತ್ತರ ಸಿಕ್ಕ ಮೇಲೆ ಒಂದೊಂದೇ ಕೆಲಸವನ್ನು ಬಿಡಿಸಿ ನೋಡುತ್ತಾರೆ. ಕೈಗೆ ತರಬೇತಿ ಕೊಟ್ಟರೆ ಆಗುವುದೇ? ಆಗದಿದ್ದರೆ ಕೆಲಸ ಮಾಡುವ ಕ್ರಮ ಬದಲಿಸಬಹುದೇ? ಅದೂ ಸಾಲದಿದ್ದರೆ ಸಲಕರಣೆ ಬದಲಿಸುವುದು, ಕೊನೆಗೆ ಸ್ಥಳವನ್ನೇ ಬದಲಿಸುವುದು. ವ್ಯಕ್ತಿ, ಕೆಲಸ, ಪರಿಸರ: ಈ ಮೂರರಲ್ಲಿ ಯಾವುದನ್ನು ತುಸು ಜರುಗಿಸಿದರೆ ಕೆಲಸ ಸಾಗುತ್ತದೆ ಎನ್ನುವುದೇ ಅವರ ಲೆಕ್ಕಾಚಾರ.

ನಮ್ಮ ಹುಡುಗಿಯ ಬೆಳಗಿಗೆ ಇದನ್ನು ಅನ್ವಯಿಸಿ ನೋಡಿ. ಲಾಡಿಯ ಜಾಗಕ್ಕೆ ಇಲಾಸ್ಟಿಕ್. ಬಚ್ಚಲಿಗೆ ಗೋಡೆಕಂಬಿ, ಕೂತು ಸ್ನಾನ ಮಾಡಲು ಗಟ್ಟಿ ಪ್ಲಾಸ್ಟಿಕ್ ಸ್ಟೂಲು, ಕಾಲಡಿಗೆ ಜಾರದ ಮ್ಯಾಟು. ನಲ್ಲಿಗೊಂದು ಪೈಪು ಸಿಕ್ಕಿಸಿದರೆ ಬಕೆಟ್ ಎತ್ತುವ ಕೆಲಸವೇ ಇಲ್ಲ. ಮೆಸ್ಸಿನಲ್ಲಿ ಬಾಗಿಲಿಗೆ ಹತ್ತಿರದ ಮೇಜೊಂದನ್ನು ಗೊತ್ತುಮಾಡಿ, ಬಡಿಸುವವರು ಅಲ್ಲಿಗೇ ತಂದು ಬಡಿಸುವ ಏರ್ಪಾಡು. ಕಾಗದ ಸರಿಯದಂತೆ ಡೆಸ್ಕಿನ ಮೇಲೆ ರಬ್ಬರ್ ಹಾಳೆ, ಹಿಡಿತಕ್ಕೆ ಸಿಗುವಂತೆ ಪೆನ್ನಿಗೆ ದಪ್ಪ ಸ್ಪಂಜಿನ ಸುತ್ತು. ಇವುಗಳಲ್ಲಿ ಹೆಚ್ಚಿನವು ಯಾವ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತವೆ. ಇಲ್ಲದಿರುವುದು ಇದನ್ನೆಲ್ಲ ಒಟ್ಟಿಗೆ ನೋಡುವ ಕಣ್ಣು.

ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ. ಕೆನಡಾದಲ್ಲಿ ರೂಪುಗೊಂಡು ಹಲವು ದೇಶಗಳಲ್ಲಿ ಬಳಕೆಗೆ ಬಂದಿರುವ ಸಿಓಪಿಎಂ ಎಂಬ ಸಂದರ್ಶನ ಕ್ರಮವಿದೆ. ಅದರಲ್ಲಿ ಸಮಸ್ಯೆಗಳ ಪಟ್ಟಿ ಮಾಡುವವರು ತಜ್ಞರಲ್ಲ, ವಿದ್ಯಾರ್ಥಿಯೇ. ತನಗೆ ಅತಿ ಮುಖ್ಯವಾದ ಐದರಷ್ಟು ಕೆಲಸಗಳನ್ನು ಆರಿಸಿ, ಈಗ ಅದನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದೇನೆ, ಅದರಲ್ಲಿ ಎಷ್ಟು ತೃಪ್ತಿಯಿದೆ ಎಂದು 1ರಿಂದ 10ರವರೆಗೆ ತಾನೇ ಅಂಕ ಕೊಡಬೇಕು. ಕೆಲವು ತಿಂಗಳ ನಂತರ ಮತ್ತೆ ಅಂಕ. ಹಾಗೆ ಕೇಳಿದರೆ ಅವಳ ಪಟ್ಟಿಯ ಮೊದಲ ಸಾಲಿನಲ್ಲಿ ಸ್ನಾನವೂ ಇಲ್ಲದೆ, ನೋಟ್ಸೂ ಇಲ್ಲದೆ, ಜಡೆಯೇ ಇರಬಹುದು. ಇದ್ದರೆ ಥೆರಪಿ ಅಲ್ಲಿಂದಲೇ ಶುರುವಾಗುತ್ತದೆ.

---

ಬಾಕ್ಸ್: ಅಂಗವಿಕಲ ವಾಸ್ತುಶಿಲ್ಪಿಯ ಮನೆಯಲ್ಲಿ ಹುಟ್ಟಿದ ವೃತ್ತಿ

1917ರ ಮಾರ್ಚ್. ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರು. ವಾಸ್ತುಶಿಲ್ಪಿ ಜಾರ್ಜ್ ಬಾರ್ಟನ್ ತನ್ನ ‘ಕನ್ಸೋಲೇಶನ್ ಹೌಸ್’ಗೆ ಕೆಲವು ಸಮಾನಮನಸ್ಕರನ್ನು ಕರೆದು ಆಕ್ಯುಪೇಶನಲ್ ಥೆರಪಿಯ ಮೊದಲ ಸಂಘ ಕಟ್ಟಿದ. ಕ್ಷಯ ಅವನನ್ನು ಹಿಂಡಿತ್ತು. ಪಾದದ ಒಂದು ಭಾಗ ಕತ್ತರಿಸಲಾಗಿತ್ತು, ಎಡಭಾಗಕ್ಕೆ ಲಕ್ವ ಹೊಡೆದಿತ್ತು. ಅದೇ ಮನೆಯಲ್ಲಿ ಮರಗೆಲಸ, ತೋಟದ ಕೆಲಸ ಮಾಡುತ್ತಲೇ ಅವನು ಚೇತರಿಸಿಕೊಂಡಿದ್ದ. ಈಗ ಪ್ರತಿ ವರ್ಷ ಅಕ್ಟೋಬರ್ 27 ವಿಶ್ವ ಆಕ್ಯುಪೇಶನಲ್ ಥೆರಪಿ ದಿನ.

---

ಸಾವಿರಕ್ಕೆ ಇಬ್ಬರು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 40 ಅಥವಾ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ಕನಿಷ್ಠ ಶೇ 5ರಷ್ಟು ಸೀಟು ಮೀಸಲಿಡಬೇಕು ಎನ್ನುತ್ತದೆ ಅದರ 32ನೇ ಸೆಕ್ಷನ್. ವಯೋಮಿತಿಯಲ್ಲಿ ಐದು ವರ್ಷದ ಸಡಿಲಿಕೆಯೂ ಇದೆ.

ಕೇಂದ್ರದ ಉನ್ನತ ಶಿಕ್ಷಣ ಸಮೀಕ್ಷೆಯ 2020–21ರ ವರದಿ ತೆರೆದರೆ, ದೇಶದ ಒಟ್ಟು ವಿದ್ಯಾರ್ಥಿಗಳು ನಾಲ್ಕು ಕೋಟಿಗೂ ಮಿಗಿಲು. ಅವರಲ್ಲಿ ಅಂಗವೈಕಲ್ಯ ಇರುವವರು ಸುಮಾರು 79 ಸಾವಿರ. ಸಾವಿರಕ್ಕೆ ಇಬ್ಬರೂ ತುಂಬುವುದಿಲ್ಲ. 2011ರ ಜನಗಣತಿ ಕರ್ನಾಟಕ ಒಂದರಲ್ಲೇ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರನ್ನು ಎಣಿಸಿತ್ತು.

ಉಳಿದವರು ಎಲ್ಲಿ ಹೋದರು? ಬಹಳ ಮಂದಿ ಶಾಲೆಯಲ್ಲೇ ನಿಂತರು. ಪಿಯುಸಿ ದಾಟಿದವರಲ್ಲಿ ಹಲವರು ಊರಲ್ಲಿ ಅಮ್ಮನ ಕೈ ಆಸರೆಯಲ್ಲಿ ಓದಿದವರು. ಸ್ನಾನಕ್ಕೆ ನೀರು ತುಂಬಿಸಿದ್ದು ಅಮ್ಮ, ಸೈಕಲ್ಲಿನಲ್ಲಿ ಶಾಲೆಗೆ ಬಿಟ್ಟಿದ್ದು ಅಪ್ಪ, ಹೋಂವರ್ಕ್ ಬರೆದುಕೊಟ್ಟಿದ್ದು ಅಕ್ಕ. ವಿಶ್ವವಿದ್ಯಾಲಯಕ್ಕೆ ಬಂದ ದಿನ ಆ ಕೈಗಳೆಲ್ಲ ಒಟ್ಟಿಗೇ ಬಿಟ್ಟುಹೋಗುತ್ತವೆ. ಥೆರಪಿ ಕೇಂದ್ರಗಳೂ ಹೆಚ್ಚಾಗಿ ಮಕ್ಕಳಿಗಾಗಿಯೇ ಇರುವಂಥವು. ಹದಿನೆಂಟು ದಾಟಿದವರನ್ನು ವಿಚಾರಿಸುವವರು ವಿರಳ. ಸ್ವತಂತ್ರವಾಗಿ ಬದುಕುವುದನ್ನು ಕಲಿಯಲೇಬೇಕಾದ ವಯಸ್ಸಿನಲ್ಲೇ ಕಲಿಸುವವರು ಇಲ್ಲವಾಗುತ್ತಾರೆ.

ನೀರು ಕುಡಿಯದ ವಿದ್ಯಾರ್ಥಿ

ಕ್ಯಾಂಪಸ್ಸಿನ ತೊಡಕುಗಳನ್ನು ಹೊರಗಿನಿಂದ ನೋಡುವವರಿಗೆ ಮೆಟ್ಟಿಲು ಮಾತ್ರ ಕಾಣುತ್ತದೆ. ಆಕ್ಯುಪೇಶನಲ್ ಥೆರಪಿಸ್ಟ್ ವಿದ್ಯಾರ್ಥಿಯ ಜೊತೆ ಒಂದು ಪೂರ್ತಿ ದಿನ ಓಡಾಡಿದರೆ ಬೇರೆಯೇ ನಕ್ಷೆ ಕಾಣುತ್ತದೆ.

ಗಾಲಿಕುರ್ಚಿ ಹೋಗುವ ಶೌಚಾಲಯ ಇಲ್ಲದ ಕಟ್ಟಡದಲ್ಲಿ ದಿನವಿಡೀ ಕ್ಲಾಸು ಇದ್ದರೆ ವಿದ್ಯಾರ್ಥಿ ಬೆಳಿಗ್ಗೆಯಿಂದ ನೀರು ಕುಡಿಯುವುದನ್ನೇ ಬಿಡುತ್ತಾನೆ. ಅದರಿಂದ ಮೂತ್ರನಾಳದ ಸೋಂಕು, ಸೋಂಕಿನಿಂದ ಜ್ವರ, ಜ್ವರದಿಂದ ಗೈರುಹಾಜರಿ. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ಪರ್ಶವಿಲ್ಲದವರಿಗೆ ಇನ್ನೊಂದು ಅಪಾಯ. ಅವರು ಹದಿನೈದು ನಿಮಿಷಕ್ಕೋ ಅರ್ಧ ಗಂಟೆಗೋ ಒಮ್ಮೆ ತೋಳಿನ ಬಲದಿಂದ ಮೈ ಎತ್ತಿ ಅಥವಾ ಪಕ್ಕಕ್ಕೆ ವಾಲಿ ಕೂತ ಜಾಗದ ಒತ್ತಡ ತಪ್ಪಿಸಬೇಕು. ಮೂರು ಗಂಟೆಯ ಪರೀಕ್ಷೆಯ ಆತಂಕದಲ್ಲಿ ಅದು ಮರೆತುಹೋದರೆ ಚರ್ಮ ಕೆಂಪಾಗುತ್ತದೆ, ಒಡೆಯುತ್ತದೆ. ನೋವು ಗೊತ್ತಾಗದ ಕಾರಣ ಹುಣ್ಣು ಆಳಕ್ಕಿಳಿಯುತ್ತದೆ. ಅಂಥ ಒಂದು ಹುಣ್ಣು ಪೂರ್ತಿ ಸೆಮಿಸ್ಟರನ್ನು ನುಂಗಬಲ್ಲದು. ತಕ್ಕ ದಿಂಬು, ಅಳತೆಗೆ ಸರಿಯಾದ ಗಾಲಿಕುರ್ಚಿ, ಫೋನಿನಲ್ಲೊಂದು ಅಲಾರಂ, ಕೊಠಡಿ ಮೇಲ್ವಿಚಾರಕರಿಗೆ ಮೊದಲೇ ಒಂದು ಮಾತು: ಇಷ್ಟರಿಂದ ಅದನ್ನು ತಡೆಯಬಹುದು.

ರಸಾಯನಶಾಸ್ತ್ರದ ಲ್ಯಾಬಿನ ಕಟ್ಟೆ ನಿಂತು ಕೆಲಸ ಮಾಡುವವರ ಎತ್ತರಕ್ಕೆ ಕಟ್ಟಿದ್ದು. ಗಾಲಿಕುರ್ಚಿಯಲ್ಲಿ ಕೂತವರ ಗಲ್ಲಕ್ಕೆ ಅದು ತಾಗುತ್ತದೆ. ತಗ್ಗಿನ ಮೇಜೊಂದನ್ನು ಸೇರಿಸುವ ಬದಲು ‘ನೀನು ಆರ್ಟ್ಸ್ ತಗೋ’ ಎನ್ನುವುದು ನಮ್ಮಲ್ಲಿ ಸುಲಭದ ಪರಿಹಾರವಾಗಿಬಿಟ್ಟಿದೆ. ಒಬ್ಬರ ಮೇಜಿನ ಎತ್ತರ ಅವರ ಇಡೀ ಬದುಕಿನ ದಿಕ್ಕು ನಿರ್ಧರಿಸುವುದು ನ್ಯಾಯವಲ್ಲ.

ಆಯಾಸದ ನಿರ್ವಹಣೆಯನ್ನೂ ಈ ವೃತ್ತಿ ಕಲಿಸುತ್ತದೆ. ಮಸ್ಕ್ಯುಲರ್ ಡಿಸ್ಟ್ರಫಿ ಇರುವವರಿಗೆ, ಸಂಧಿವಾತ ಇರುವವರಿಗೆ ದಿನದ ಶಕ್ತಿ ಕೈಖರ್ಚಿನ ಹಣದ ಹಾಗೆ, ಎಣಿಸಿಯೇ ಖರ್ಚು ಮಾಡಬೇಕು. ಯಾವ ಕೆಲಸ ತಾನೇ ಮಾಡಬೇಕು, ಯಾವುದಕ್ಕೆ ನೆರವು ಪಡೆಯಬೇಕು, ಯಾವುದನ್ನು ಕೂತು ಮಾಡಬೇಕು, ಎಲ್ಲಿ ಇಪ್ಪತ್ತು ನಿಮಿಷ ಒರಗಬೇಕು ಎಂದು ವೇಳಾಪಟ್ಟಿಯ ಜೊತೆಗಿಟ್ಟು ಯೋಜಿಸುತ್ತಾರೆ. ಮೂರನೇ ಮಹಡಿಯ ಒಂದು ಕ್ಲಾಸನ್ನು ನೆಲಮಹಡಿಗೆ ಇಳಿಸಿದರೆ ಉಳಿಯುವ ಶಕ್ತಿ ಒಂದು ಅಧ್ಯಾಯದ ಓದಿಗೆ ಸಾಕು.

ಕಾಣದ ತೊಡಕು

21 ಬಗೆಗಳಲ್ಲಿ ಆಟಿಸಂ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆಗಳೂ ಇವೆ. ಇವರಿಗೆ ಊರುಗೋಲಿಲ್ಲ, ಹಾಗಾಗಿ ಇವರ ಮೇಲೆ ಸೋಮಾರಿತನದ ಆರೋಪ ಬಹಳ ಬೇಗ ಬರುತ್ತದೆ.

ಸ್ಕಿಜೋಫ್ರೇನಿಯಾದಿಂದ ಚೇತರಿಸಿಕೊಂಡು ಮತ್ತೆ ಓದಲು ಬಂದ ಹುಡುಗನಿಗೆ ರಾತ್ರಿಯ ಮಾತ್ರೆಯ ಮಂಪರು ಬೆಳಿಗ್ಗೆ ಹತ್ತರವರೆಗೂ ಇಳಿಯದು. ಎಂಟು ಗಂಟೆಯ ಕ್ಲಾಸು ತಪ್ಪುವುದು ಅವನ ತಪ್ಪಲ್ಲ. ಆಟಿಸಂ ಇರುವ ವಿದ್ಯಾರ್ಥಿನಿ ಗಣಿತದಲ್ಲಿ ಎಲ್ಲರಿಗಿಂತ ಮುಂದಿರಬಹುದು. ಆದರೆ ಕ್ಯಾಂಟೀನಿನ ಗದ್ದಲ, ಮಿಣುಕುವ ಟ್ಯೂಬ್‌ಲೈಟು, ಹಠಾತ್ತನೆ ಬದಲಾದ ಕೊಠಡಿ ಅವಳ ದಿನವನ್ನೇ ಕೆಡಿಸಬಲ್ಲವು. ಕೊಠಡಿ ಬದಲಾವಣೆಯನ್ನು ಹಿಂದಿನ ದಿನವೇ ತಿಳಿಸುವುದು, ಲೈಬ್ರರಿಯಲ್ಲಿ ಸದ್ದಿಲ್ಲದ ಒಂದು ಮೂಲೆ, ದೊಡ್ಡ ಅಸೈನ್‌ಮೆಂಟನ್ನು ಐದಾರು ಸಣ್ಣ ಗಡುವುಗಳಾಗಿ ಒಡೆದುಕೊಡುವುದು. ಇಂಥ ವ್ಯವಸ್ಥೆಗೆ ಖರ್ಚೇ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗಗಳಲ್ಲಿ ಆಕ್ಯುಪೇಶನಲ್ ಥೆರಪಿ ಚಿಕಿತ್ಸೆಯ ಭಾಗವಾಗಿಯೇ ಇದೆ. ಅಲ್ಲಿಂದ ಬಿಡುಗಡೆಯಾಗಿ ಕಾಲೇಜಿಗೆ ಮರಳಿದ ವಿದ್ಯಾರ್ಥಿಗೆ ಕಾಲೇಜಿನಲ್ಲಿ ಅದರ ಮುಂದುವರಿಕೆ ಸಿಗಬೇಕು.

---

ಬಾಕ್ಸ್: ಎಲಿಜಬೆತ್ ಲಂಡಿ ಕಮಲಾ ನಿಂಬ್ಕರ್ ಆದದ್ದು

ಭಾರತಕ್ಕೆ ಈ ವೃತ್ತಿ ತಂದವರು ಅಮೆರಿಕದಲ್ಲಿ ಹುಟ್ಟಿದ ಎಲಿಜಬೆತ್ ಲಂಡಿ. ವಿಷ್ಣು ನಿಂಬ್ಕರ್ ಅವರನ್ನು ಮದುವೆಯಾಗಿ ಕಮಲಾ ನಿಂಬ್ಕರ್ ಎನಿಸಿದರು. ನಲವತ್ತು ದಾಟಿದ ಮೇಲೆ ಫಿಲಡೆಲ್ಫಿಯಾದಲ್ಲಿ ಆಕ್ಯುಪೇಶನಲ್ ಥೆರಪಿ ಕಲಿತು ಬಂದು, 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಇದಕ್ಕೆಂದೇ ಶಾಲೆ ತೆರೆದರು. ಏಷ್ಯಾದಲ್ಲೇ ಅದು ಮೊದಲನೆಯದು. 1952ರಲ್ಲಿ ಅಖಿಲ ಭಾರತ ಸಂಘ ಹುಟ್ಟಿತು. ಅದೇ ವರ್ಷ ಹತ್ತು ದೇಶಗಳು ಸೇರಿ ಕಟ್ಟಿದ ವಿಶ್ವ ಒಕ್ಕೂಟದ ಸ್ಥಾಪಕರಲ್ಲಿ ಭಾರತವೂ ಒಂದು.

---

ಆಸ್ಪತ್ರೆಯ ವಾರ್ಡೇ ಹಾಸ್ಟೆಲ್ ಆದಾಗ

ಹದಿನಾಲ್ಕನೇ ವಯಸ್ಸಿಗೆ ಪೋಲಿಯೊ ಬಂದು ಎಡ್ ರಾಬರ್ಟ್ಸ್ ಎಂಬ ಹುಡುಗನ ಕುತ್ತಿಗೆಯ ಕೆಳಗೆ ಹೆಚ್ಚೇನೂ ಚಲಿಸದಂತಾಯಿತು. ರಾತ್ರಿ ಉಸಿರಾಡಲು ‘ಐರನ್ ಲಂಗ್’ ಎಂಬ ದೊಡ್ಡ ಉಕ್ಕಿನ ಯಂತ್ರದೊಳಗೆ ಮಲಗಬೇಕು. ಉನ್ನತ ಶಿಕ್ಷಣಕ್ಕೆ ನೆರವು ಕೇಳಿದರೆ ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆ ಮೊದಲು ನಿರಾಕರಿಸಿತು. ಇಷ್ಟು ಅಂಗವೈಕಲ್ಯ ಇರುವವನು ಕೆಲಸ ಮಾಡುವುದು ಸಾಧ್ಯವೇ ಇಲ್ಲ ಎನ್ನುವುದು ಅದರ ಕಾರಣ.

1962ರಲ್ಲಿ ಅವನು ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದ. ಆ ಯಂತ್ರ ಯಾವ ಹಾಸ್ಟೆಲ್ ಕೋಣೆಯಲ್ಲೂ ಹಿಡಿಯುತ್ತಿರಲಿಲ್ಲ. ಕ್ಯಾಂಪಸ್ಸಿನ ಕೋವೆಲ್ ಆಸ್ಪತ್ರೆಯ ಕೋಣೆಯನ್ನೇ ಅವನ ಹಾಸ್ಟೆಲ್ ಮಾಡಲಾಯಿತು. ಅವನ ಹಿಂದೆ ಇನ್ನಷ್ಟು ಮಂದಿ ಬಂದರು, ‘ರೋಲಿಂಗ್ ಕ್ವಾಡ್ಸ್’ ಎಂದು ತಮ್ಮನ್ನು ಕರೆದುಕೊಂಡರು. 1970ರ ಹೊತ್ತಿಗೆ ವಿಶ್ವವಿದ್ಯಾಲಯದೊಳಗೇ ಅವರ ಒತ್ತಾಯದಿಂದ ಒಂದು ಸೇವಾ ಕಾರ್ಯಕ್ರಮ ಶುರುವಾಯಿತು. ಅವರು ಕೇಳಿದ್ದೇನು ನೋಡಿ: ಬೆಳಿಗ್ಗೆ ಎಬ್ಬಿಸಿ ಬಟ್ಟೆ ತೊಡಿಸುವ ಸಹಾಯಕರು, ಗಾಲಿಕುರ್ಚಿ ಕೆಟ್ಟರೆ ರಿಪೇರಿ, ಬಾಡಿಗೆಗೆ ಸಿಗುವ ತಕ್ಕ ಮನೆಯ ಪಟ್ಟಿ. ಪಠ್ಯದ ಬಗ್ಗೆ ಅವರಿಗೆ ದೂರಿರಲಿಲ್ಲ, ಪಠ್ಯದವರೆಗೆ ತಲುಪುವ ದಾರಿಯ ಬಗ್ಗೆ ಇತ್ತು.

1975ರಲ್ಲಿ, ಹಿಂದೆ ನಿರಾಕರಿಸಿದ ಅದೇ ಇಲಾಖೆಗೆ ರಾಬರ್ಟ್ಸ್ ನಿರ್ದೇಶಕನಾಗಿ ನೇಮಕಗೊಂಡ.

ನಮ್ಮವರ ಉದಾಹರಣೆಯೂ ಇದೆ. ಸ್ಪೈನಾ ಬಿಫಿಡಾ ಇದ್ದ ಜಾವೇದ್ ಅಬಿದಿ ಓದಿದ್ದು ಅಮೆರಿಕದ ಓಹಿಯೋದ ರೈಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ಕಟ್ಟಡದಿಂದ ಕಟ್ಟಡಕ್ಕೆ ನೆಲದಡಿಯ ಸುರಂಗದಲ್ಲೇ ಗಾಲಿಕುರ್ಚಿಯಲ್ಲಿ ಹೋಗಬಹುದಾದ ಕ್ಯಾಂಪಸ್ ಅದು. ಭಾರತಕ್ಕೆ ಮರಳಿ ಅವರು 1995ರ ಅಂಗವಿಕಲರ ಕಾಯ್ದೆಗಾಗಿ ನಡೆದ ಹೋರಾಟದ ಮುಂಚೂಣಿಯಲ್ಲಿ ನಿಂತರು. ಅಡೆತಡೆಯಿಲ್ಲದ ಕ್ಯಾಂಪಸ್ಸನ್ನು ಕಣ್ಣಾರೆ ಕಂಡವರಿಗೆ ಇಲ್ಲಿನ ಅಡೆತಡೆಗಳು ವಿಧಿಲಿಖಿತ ಅನ್ನಿಸುವುದಿಲ್ಲ.

ಶೇಕಡಾ ಎಷ್ಟು ಎನ್ನುವುದರಿಂದ ಏನು ಬೇಕು ಎನ್ನುವುದಕ್ಕೆ

ನ್ಯಾಯಾಲಯ ಇತ್ತೀಚೆಗೆ ತೆರೆದ ದಾರಿ ಭರವಸೆ ಹುಟ್ಟಿಸುವಂಥದ್ದು.

2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಂದಿದ್ದದ್ದು ಬರೆಯುವಾಗ ಕೈ ಸೆಳೆತ ಬರುವ ಯುವಕನ ಅರ್ಜಿ. ಬರೆದುಕೊಡುವವರ ನೆರವು ಪಡೆಯಲು ಶೇ 40ರ ಗೆರೆ ದಾಟಲೇಬೇಕೆಂದಿಲ್ಲ ಎಂದಿತು ಕೋರ್ಟ್. 2024ರ ಅಕ್ಟೋಬರಿನಲ್ಲಿ ಓಂ ರಾಠೋಡ್ ಪ್ರಕರಣ ಬಂತು. ಮಸ್ಕ್ಯುಲರ್ ಡಿಸ್ಟ್ರಫಿಯಿಂದ ಶೇ 88ರ ಅಂಗವೈಕಲ್ಯ ಇದ್ದ ವಿದ್ಯಾರ್ಥಿಗೆ ವೈದ್ಯಕೀಯ ಸೀಟು ಸಿಕ್ಕಿತು. ಶೇಕಡಾವಾರು ಅಂಕಿ ನೋಡಿ ಬಾಗಿಲು ಹಾಕಬಾರದು, ಸಲಕರಣೆಗಳ ನೆರವಿನಿಂದ ಅಭ್ಯರ್ಥಿ ಏನೇನು ಮಾಡಬಲ್ಲ ಎಂದು ಅಳೆಯಬೇಕು ಎನ್ನುವುದು ತೀರ್ಪಿನ ತಿರುಳು. 2025ರ ಫೆಬ್ರುವರಿಯಲ್ಲಿ ಅನ್ಮೋಲ್ ಪ್ರಕರಣದಲ್ಲಿ, ಎಂಬಿಬಿಎಸ್‌ಗೆ ಎರಡೂ ಕೈ ನೆಟ್ಟಗಿರಬೇಕೆಂಬ ಹಳೆಯ ನಿಯಮವೂ ಕಾಯ್ದೆಯ ಆಶಯಕ್ಕೆ ವಿರುದ್ಧವೆಂದು ಕೋರ್ಟ್ ಹೇಳಿತು.

ಏನು ಮಾಡಬಲ್ಲ ಎಂದು ಅಳೆಯುವುದನ್ನೇ ನಾಲ್ಕು ವರ್ಷಕ್ಕೂ ಮಿಗಿಲಾಗಿ ಕಲಿಯುವವರು ಆಕ್ಯುಪೇಶನಲ್ ಥೆರಪಿ ಪದವೀಧರರು. ನ್ಯಾಯಾಲಯ ಹೇಳಿದ್ದನ್ನು ಕ್ಯಾಂಪಸ್ಸಿನಲ್ಲಿ ಜಾರಿಗೆ ತರುವ ಕೈಗಳು ಅವರವು. ಬ್ರಿಟನ್ನಿನಲ್ಲಿ ಅಂಗವಿಕಲ ವಿದ್ಯಾರ್ಥಿಗಳ ಭತ್ಯೆ ಪಡೆಯುವವರಿಗೆ ಮೊದಲು ಅಗತ್ಯಗಳ ಮೌಲ್ಯಮಾಪನ ನಡೆಯುತ್ತದೆ. ಯಾವ ಸಾಫ್ಟ್‌ವೇರ್, ಯಾವ ಕುರ್ಚಿ, ಎಂಥ ಸಹಾಯಕ ಎನ್ನುವುದು ಅದರ ಮೇಲೆ ನಿರ್ಧಾರವಾಗುತ್ತದೆ. ನಮ್ಮಲ್ಲಿ ಶೇಕಡಾವಾರು ಹೇಳುವ ಪ್ರಮಾಣಪತ್ರವಿದೆ, ಏನು ಬೇಕೆಂದು ಹೇಳುವ ಪತ್ರವಿಲ್ಲ.

---

ಬಾಕ್ಸ್: ವಿದ್ಯಾರ್ಥಿಗಳು ತಿಳಿದಿರಬೇಕಾದ್ದು

• ಕೇಂದ್ರದ ಮಾರ್ಗಸೂಚಿಯಂತೆ ಲಿಖಿತ ಪರೀಕ್ಷೆಯಲ್ಲಿ ಅರ್ಹರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಪರಿಹಾರ ಸಮಯ. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚು.

• ಶೇ 40ಕ್ಕಿಂತ ಕಡಿಮೆ ಅಂಗವೈಕಲ್ಯ ಇದ್ದು ಬರೆಯಲು ಕಷ್ಟವಾಗುವವರಿಗೆ 2022ರ ಆಗಸ್ಟ್‌ನಲ್ಲಿ ಪ್ರತ್ಯೇಕ ಮಾರ್ಗಸೂಚಿ ಬಂದಿತ್ತು.

• ದೃಷ್ಟಿದೋಷವಿರುವವರಿಗೆ ತೆರೆಯ ಮೇಲಿನ ಕನ್ನಡ ಪಠ್ಯವನ್ನೂ ಓದಿ ಹೇಳಬಲ್ಲ ಎನ್‌ವಿಡಿಎ ತಂತ್ರಾಂಶ ಉಚಿತ. ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು ಶುರುಮಾಡಿದ್ದು ಅದು.

• ಸಂಸ್ಥೆ ಸೌಲಭ್ಯ ನಿರಾಕರಿಸಿದರೆ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು.

---

ಒಂದು ಹುದ್ದೆ, ಒಂದು ಕೋಣೆ

ವಿಶ್ವವಿದ್ಯಾಲಯ ಅನುದಾನ ಆಯೋಗ 2022ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಗಮ್ಯತೆಯ ಮಾರ್ಗಸೂಚಿ ಕೊಟ್ಟಿದೆ. ಸಮಾನ ಅವಕಾಶ ಕೋಶಗಳ ಮಾತು ಅದಕ್ಕೂ ಹಳೆಯದು. ಆದರೆ ಅಂಥ ಕೋಶಗಳ ಹೊಣೆ ಸಾಮಾನ್ಯವಾಗಿ ಬೀಳುವುದು ಪಾಠದ ಹೊರೆ ಹೊತ್ತಿರುವ ಅಧ್ಯಾಪಕರೊಬ್ಬರ ಹೆಗಲಿಗೆ. ಅವರಿಗೆ ಮನಸ್ಸಿರುತ್ತದೆ, ತರಬೇತಿ ಇರುವುದಿಲ್ಲ. ರ‍್ಯಾಂಪಿನ ಇಳಿಜಾರು 1ಕ್ಕೆ 12 ಇರಬೇಕೆಂದು ಎಂಜಿನಿಯರ್‌ಗೆ ಗೊತ್ತು. ಆ ರ‍್ಯಾಂಪ್ ಹತ್ತಿ ಬಂದವಳು ಒಳಗೆ ಹೇಗೆ ಬರೆಯುತ್ತಾಳೆ, ಹೇಗೆ ಉಣ್ಣುತ್ತಾಳೆ ಎನ್ನುವುದು ಎಂಜಿನಿಯರ್ ಕೆಲಸವಲ್ಲ.

ಥೆರಪಿಸ್ಟ್‌ಗಳು ಕರ್ನಾಟಕದಲ್ಲೇ ತಯಾರಾಗುತ್ತಿದ್ದಾರೆ. ಮಣಿಪಾಲದಲ್ಲಿ ಇದಕ್ಕೆ ಪೂರ್ಣ ವಿಭಾಗವೇ ಇದೆ. 2021ರ ಸಹಾಯಕ ಆರೋಗ್ಯ ವೃತ್ತಿಗಳ ಕಾಯ್ದೆ ಆಕ್ಯುಪೇಶನಲ್ ಥೆರಪಿಗೆ ಕಾನೂನಿನ ಮಾನ್ಯತೆಯನ್ನೂ ಕೊಟ್ಟಿದೆ. ಪೂರ್ಣಾವಧಿ ನೇಮಕ ತಕ್ಷಣಕ್ಕೆ ಆಗದಿದ್ದರೆ ಹತ್ತಿರದ ಎರಡು ಮೂರು ವಿಶ್ವವಿದ್ಯಾಲಯಗಳು ಒಬ್ಬರನ್ನು ಹಂಚಿಕೊಳ್ಳಲಿ. ಅಂತಿಮ ವರ್ಷದ ಥೆರಪಿ ವಿದ್ಯಾರ್ಥಿಗಳನ್ನು ಮೇಲ್ವಿಚಾರಣೆಯಲ್ಲಿ ಕ್ಯಾಂಪಸ್ ಹಾಸ್ಟೆಲ್‌ಗಳಿಗೆ ಕಳುಹಿಸಲಿ. ಪ್ರವೇಶದ ವಾರದಲ್ಲೇ ಅಂಗವೈಕಲ್ಯವಿರುವ ಪ್ರತಿ ವಿದ್ಯಾರ್ಥಿಯನ್ನೂ ಕೂರಿಸಿಕೊಂಡು, ‘ನಿನ್ನ ದಿನ ಹೇಗೆ ಸಾಗಬೇಕು?’ ಎಂದು ಕೇಳುವ ಪದ್ಧತಿ ಬರಲಿ. ಹಾಸ್ಟೆಲ್ ಕೋಣೆ, ತರಗತಿಯ ಮಹಡಿ, ಪರೀಕ್ಷೆಯ ವ್ಯವಸ್ಥೆ ಆಮೇಲೆ ನಿರ್ಧಾರವಾಗಲಿ.

ವಿದ್ಯಾರ್ಥಿಗಳಿಗೂ ಪೋಷಕರಿಗೂ ಒಂದು ಮಾತು. ಸಂಕೋಚ ಬಿಟ್ಟು ಬೇಕಾದ್ದನ್ನು ಬರಹದಲ್ಲಿ ಕೇಳಿ. ಸೂಕ್ತ ಹೊಂದಾಣಿಕೆ ಒದಗಿಸುವುದು ಉಪಕಾರವಲ್ಲ, 2016ರ ಕಾಯ್ದೆ ಹೊರಿಸಿದ ಹೊಣೆ. ಅರ್ಜಿಯ ಪ್ರತಿ, ಸ್ವೀಕೃತಿ ಇಟ್ಟುಕೊಳ್ಳಿ.

ಕುಲಪತಿಗಳಲ್ಲೂ ಒಂದು ಮನವಿ. ಈ ಡಿಸೆಂಬರ್ 3ರ ಸಮಾರಂಭ ನಡೆಯಲಿ. ಅದರ ಮರುದಿನ ಒಬ್ಬ ಆಕ್ಯುಪೇಶನಲ್ ಥೆರಪಿಸ್ಟ್ ಹುದ್ದೆ, ನೆಲಮಹಡಿಯಲ್ಲಿ ಅವರಿಗೊಂದು ಕೋಣೆ, ಸಲಕರಣೆಗೊಂದಿಷ್ಟು ಹಣ ಎಂಬ ಪ್ರಸ್ತಾವ ಸಿಂಡಿಕೇಟ್ ಸಭೆಯ ಮುಂದೆ ಬರಲಿ. ಮುಂದಿನ ಶೈಕ್ಷಣಿಕ ವರ್ಷದ ಬಜೆಟ್ಟಿನಲ್ಲಿ ಅದಕ್ಕೆ ಜಾಗ ಸಿಗಲಿ.